ಧೂಳಿಗೊಂದು ಹಾಸಿಗೆ

ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಕಿಟಕಿಗೆ ಹಿಡಿದು
"ಒಳಗೆಲ್ಲ ಹತ್ತಿ" ಅಂದರು, ನಗುತ್ತ.
ಅಣ್ಣ ಬುಡೇನ್ ನಗಲಿಲ್ಲ.
"ಎಷ್ಟು ಕೆಜಿ?" ಅಂತ ಕೇಳಿದ.

ಮಂಡಿಪೇಟೆ ಹಿಂದಿನ ಓಣಿಯಲ್ಲಿ ನಮ್ಮ ಅಂಗಡಿ.
ಮೂರು ಗೋಡೆ, ನಾಲ್ಕನೆಯದು ರಸ್ತೆ.
ಅಪ್ಪನ ಕಾಲಕ್ಕೆ ಬಿಲ್ಲಿನ ಹೆದೆ ಮಿಡಿಯುತ್ತಿತ್ತು,
ಈಗ ಮೋಟಾರು, ಮುಳ್ಳಿನ ಉರುಳೆ.
ಹಳೆ ಗಾದಿ ಬಿಚ್ಚಿದರೆ
ಹದಿನೈದು ವರ್ಷದ ಸಂಸಾರ ಮೂಗಿಗೇರುತ್ತದೆ:
ಕೂಸಿನ ಉಚ್ಚೆ, ಎಣ್ಣೆತಲೆ, ನೋವಿನ ಮುಲಾಮು,
ಒಮ್ಮೆ ಒಂಟಿ ಬೆಂಡೋಲೆ
(ಮನೆ ಹುಡುಕಿ ಕೊಟ್ಟು ಬಂದೆವು,
ಅತ್ತೆ ಸೊಸೆ ಇಬ್ಬರೂ ನಮ್ಮೆದುರೇ ಅತ್ತರು).
ಸಂಜೆ ಗಾಳಿ ತಿರುಗಿದರೆ ಮಂಡಕ್ಕಿ ಭಟ್ಟಿಯ ಹೊಗೆ
ಅರೆದಿಟ್ಟ ಬಿಳಿಯ ಮೇಲೆ ಬಂದು ಕೂರುತ್ತದೆ.
ಮೂಗಿಗೆ ಬಟ್ಟೆ ಕಟ್ಟಿಕೋ ಅಂದರೆ
"ಗಿರಾಕಿ ಕೂಡ ಚೌಕಾಸಿ ಹೆಂಗ ಮಾಡ್ಲಿ?"

ಪಿ.ಬಿ. ರೋಡಿನ ದೊಡ್ಡ ಅಂಗಡಿ. ಕೊರಳಲ್ಲಿ ಕಾರ್ಡು, ತಿಪ್ಪೇಶ.
"ರೂಮಿನ ಅಳತೆ ಸಾರ್?"
"ಹದಿನಾಲ್ಕು ಇಂಟು ಒಂಬತ್ತು."
"ಬಾಗಿಲು?"
"ಶಟರ್ ಐತಿ."
"ಇಳಿಸಿ ಹಚ್ಚಬೇಕು ಸಾರ್. ತೆರೆದಿಟ್ರೆ
ಪಾಪ, ಇಡೀ ದಾವಣಗೆರೆ ಗಾಳಿ ಸೋಸೋಕೆ ಹೋಗ್ತದೆ."
"ಇಳಿಸಿದ್ರ ಗಿರಾಕಿ ಎಲ್ಲಿಂದ ಬರ್ತಾನ?"
ತಿಪ್ಪೇಶ ಕಾರ್ಡನ್ನು ತಿರುವಿ ನೋಡಿಕೊಂಡ,
ಉತ್ತರ ಅದರ ಹಿಂದೆ ಬರೆದಿದೆಯೋ ಎಂಬಂತೆ.

ಅಯಾನು ಬಿಡುವ ಒಂದು ಮಾದರಿ,
ನೀಲಿ ದೀಪ, ರಿಯಾಯಿತಿ.
ಅಣ್ಣ ಬಗ್ಗಿ ಮೂಸಿದ.
"ನಮ್ಮ ಮೋಟಾರಿನ ಬ್ರಶ್ ಕಿಡಿ ಹಾರಿಸಿದಾಗ
ಇದೇ ವಾಸನಿ. ಬ್ಯಾಡ."

ಇನ್ನೊಂದನ್ನು ತಿಪ್ಪೇಶ ಬಿಚ್ಚಿ ಜಾಳಿಗೆ ತೆಗೆದು ಕೊಟ್ಟ.
ಅಣ್ಣ ಆಮೇಲೆ ದರ ಕೇಳಲಿಲ್ಲ, ಗಂಟೆಗೆಷ್ಟು ಗಾಳಿ ಕೇಳಲಿಲ್ಲ.
ಹೆಬ್ಬೆರಳು ತೋರುಬೆರಳ ನಡುವೆ ಮಡಿಕೆ ಹಿಡಿದು,
ಎಳೆ ಎಷ್ಟು ಸಣ್ಣ, ಒತ್ತು ಎಷ್ಟು ಬಿಗಿ,
ಅಂಚಿನಲ್ಲಿ ಅಂಟು ಸರಿ ಕೂತಿದೆಯೋ,
ಬೆಳಕಿಗೆ ಹಿಡಿದು, ಕೆನ್ನೆಗೆ ಒತ್ತಿ,
ಮದುವೆ ಗಾದಿಯ ಹತ್ತಿ ಆರಿಸುವಾಗಿನ ಮುಖ.
"ಇದೂ ಹಾಸಿಗೇನೇ," ಅಂದ. "ಧೂಳು ಮಲಗಾಕ.
ಯಾರೋ ಕಸಬು ಬಲ್ಲವ್ರು ಮಾಡ್ಯಾರ. ಕಟ್ಟು."

ಅಂಗಡಿಗಲ್ಲ, ಮಾಳಿಗೆ ಮೇಲಿನ ಮಲಗುವ ಕೋಣೆಗೆ.
ದುಡಿಯುವ ಹತ್ತು ಗಂಟೆ ಹೇಗಾದರೂ ಇರಲಿ,
ಮಲಗುವ ಏಳು ಗಂಟೆಯಾದರೂ
ಎದೆಗೆ ರಜೆ ಸಿಗಲಿ ಅಂತ.

ಮೊದಲ ರಾತ್ರಿ ಹಸಿರು ದೀಪ.
ನಾನು ಹೋದೆ, ಹಸಿರು. ಅತ್ತಿಗೆ ಖಾಸೀಂಬಿ, ಹಸಿರು.
ಅಣ್ಣ ಹೊಸ್ತಿಲು ದಾಟಿದ್ದೇ
ಕೆಂಪಾಗಿ, ಬುಸ್ಸೆಂದು ಉಸಿರೆಳೆಯತೊಡಗಿತು.
ಆತ ಹಿಂದೆ ಸರಿದ. ಹಸಿರು.
ಮತ್ತೆ ಒಳಗೆ. ಕೆಂಪು.
ಮಕ್ಕಳು ಬಿದ್ದು ಬಿದ್ದು ನಕ್ಕವು.
ಅಣ್ಣ ಮೆಟ್ಟಿಲಿಗಿಳಿದು ಅಂಗಿ ಕೊಡವುತ್ತ ನಿಂತ, ಬಹಳ ಹೊತ್ತು,
ಹುಬ್ಬು, ಕಿವಿಯ ಸುರುಳಿ, ಮೀಸೆ,
ಬೀದಿದೀಪದ ಕೆಳಗೆ ಅವನಿಂದ ಬಿಳುಪು ಹಾರುತ್ತಿತ್ತು.
ಈಗ ದಿನಾ ಹಾಗೇ ಬರುತ್ತಾನೆ,
ತಲೆ ತೊಯ್ಸಿಕೊಂಡು, ನೆಂಟರ ಮನೆಗೆ ಬಂದವನಂತೆ.
ಕೆಮ್ಮು ಹೋಯಿತೇ ಅಂದರೆ, ಇಲ್ಲ.
ಮೂರು ಗಂಟೆಗೆ ಏಳಿಸುತ್ತಿದ್ದದ್ದು
ಈಗ ಐದಕ್ಕೆ ಏಳಿಸುತ್ತದೆ, ಅಷ್ಟೆ.

ಎಂಟು ತಿಂಗಳಿಗೆ ಜಾಳಿಗೆ ತುಂಬಿತು.
ಅಂಗಳದಲ್ಲಿ ಹಳೇ ಪೇಪರು ಹಾಸಿ ಬಿಚ್ಚಿದೆವು.
ಬೂದಿಬಣ್ಣದ ತೆಳು ಪದರ,
ಅಣ್ಣ ಉಗುರಿನಿಂದ ಎಬ್ಬಿಸಿ ಓದಿದ:
"ಈ ಕೆಂಪು ಎಳಿ ಹರಿಹರದವ್ರ ಬೀಗರ ಗಾದಿ.
ಇದು ಲಾಡ್ಜಿನವು ಇಪ್ಪತ್ತು ದಿಂಬು, ಇನ್ನೂ ರೊಕ್ಕ ಕೊಟ್ಟಿಲ್ಲ.
ಈ ಕರಿ ನಂದಲ್ಲ, ಭಟ್ಟಿದು."
ಆಮೇಲೆ ಒಂದು ಚಿಟಿಕೆ ಹೊಸೆದು ಬತ್ತಿ ಮಾಡಿ,
ಏನು ಮಾಡುವುದೆಂದು ತಿಳಿಯದೆ
ಜೇಬಿಗೆ ಹಾಕಿಕೊಂಡ.

ಹೊಸ ಜಾಳಿಗೆ, ಸಾವಿರದ ಎಂಟುನೂರು.
ಲೆಕ್ಕ ಬರೆಯುವವಳು ನಾನು.
ಔಷಧಿಯ ಕೆಳಗೋ, ಮನೆ ಖರ್ಚಿನ ಕೆಳಗೋ,
ಪೆನ್ನು ಹಿಡಿದು ಕೂತೆ. ಕೆಳಗೆ ಮೋಟಾರು ಶುರುವಾಯಿತು.
ಕೊನೆಗೆ ಹತ್ತಿಯ ಪುಟಕ್ಕೇ ತಿರುವಿ ಬರೆದೆ:
ವಾಪಸಾದ ಮಾಲು.