ಕಪನೂರ ತೂಕದ ಕೋಣ್ಯಾಗ

ತಯಾರ ಪ್ಯಾಕೇಜು ಈ ಹಳೇ ಮಷೀನಿಗೆ ಒಲ್ಲೆ ಅಂತು.
ಸೋರ್ಸಿನಿಂದಲೇ ಕಟ್ಟೋಣು ಅಂತ
ಕಪನೂರ ದಾಲ್ ಮಿಲ್ಲಿನ ತೂಕದ ಕೋಣ್ಯಾಗ ಕುಂತೆ.
ಒಂದು ಹೆಡರ್ ಸಿಗಲಿಲ್ಲ. ಹುಡುಕಿ ಹಾಕಿದೆ.
ಅರವತ್ಮೂರು ಪರ್ಸೆಂಟಿಗೆ ಕರೆಂಟ್ ಹೋಯ್ತು.
ಮತ್ತ ಮೊದಲಿಂದ.

"ಏನ್ ಕುದಿಲಾಕತ್ತದ್ರಿ ಇಷ್ಟೊತ್ತನ?"
ವಾಚ್‌ಮನ್ ಲಾಲಪ್ಪ.
ಹೇಳಿದೆ: ಲಾರಿ ನಂಬರು, ತೂಕ, ಯಾಳ್ಯ,
ಎಲ್ಲ ಬಿಚ್ಚಿ ಒಂದೇ ಎಳಿ ಮಾಡಿ ತಂತ್ಯಾಗ ಕಳಸ್ತದ,
ಆ ಕಡಿ ಇದ್ದದ್ದು ಇದ್ದಂಗ ಕೂಡ್ತದ.
ಆತ ಹೊರಗ ಉಗುಳಿ ಬಂದು ಅಂದ:
"ಬ್ಯಾಳಿ ಆದದ್ದು ತಿರುಗಿ ತೊಗರಿ ಆಗೋದು
ನಲವತ್ತು ವರ್ಷದಾಗ ನಾ ಅಂತೂ ಕಂಡಿಲ್ಲ."

ಬೆಳಗಿನ ನಾಕಕ್ಕ ಮುಗೀತು. ಲಾರಿ ಒಂದೂ ಇಲ್ಲ.
"ನೀವೇ ನಿಲ್ರಿ" ಅಂದೆ.
ತಗಡಿನ ಮ್ಯಾಲ ಎದಿ ಸೆಟೆಸಿ ನಿಂತ, ಫೋಟೋಕ್ಕ ನಿಂತಂಗ.
ಬೈಟು ಹೋದವು, ಬಂದವು, ಕೂಡಿದವು:
ಲಾಲಪ್ಪ. ಅರವತ್ತು ಕಿಲೋ. ನಾಕು ಹನ್ನೊಂದು.

ಬಗ್ಗಿ ನೋಡಿ ಹೆಸರು ಬೆರಳಿಂದ ಮುಟ್ಟಿದ.
"ಎಲ್ಲ ಬಂತು ಖರೆ. ನನ್ನ ಕೈಯಾಗಿನ ಬುತ್ತಿ?"
ಅರವತ್ತರಾಗೇ ಅದ, ಅಂದೆ.
"ಬ್ಯಾರೆ ಬರೀರಿ. ಅದು ಆಕಿ ಕಟ್ಟಿದ್ದು."

ಸ್ಕೀಮಾ ಫೈಲು ತೆರೆದೆ.
ಮತ್ತ ಕಟ್ಟಬೇಕು, ಮೊದಲಿಂದ.