ಕಪಾಟಿನ ಬಾಗಿಲದ ಹಿಂದ

ಗದಗ. ಮಕ್ಕಳ ವಾರ್ಡು. ರಾತ್ರಿ ಪಾಳಿ.
ಡ್ಯೂಟಿ ಚೀಟಿಯೊಳಗ ನಿನ್ನ ಹೆಸರಿನ ಮ್ಯಾಲೆ
ವೈಟ್ನರ್ ಹಚ್ಯಾರ, ತುಳಜಾ.
ಒಣಗಿ ಸಿಬರೆದ್ದೈತಿ. ಉಗುರು ತಾಗಿದ್ರ
'ಖಟವಟೆ' ಅಂತ ಇನ್ನೂ ಕೆಳಗ ಕಾಣತೈತಿ.

ಇಪ್ಪತ್ತೆಂಟು ಹಾಸಿಗಿ. ನಲವತ್ತೊಂದು ಕೂಸು.
ಹಾಸಿಗಿ ಲೆಕ್ಕ ಸರಕಾರದ್ದು, ಕೂಸಿನ ಲೆಕ್ಕ ನಮ್ಮದು.
ಮೊದಲ ಮೂವರಿದ್ವಿ. ಈಗ ನಾನು,
ಮತ್ತ ಲಕ್ಷ್ಮೇಶ್ವರದಿಂದ ಬಂದ ಶಮೀಮ್ ಬಾನು.
ಗುತ್ತಿಗಿ ಹುಡುಗಿ, ಎರಡು ತಿಂಗಳಾತು,
ಇನ್ನೂ ಮೊದಲ ಪಗಾರ ಕಂಡಿಲ್ಲ.

ನೀನೂ ಹಂಗ ಬಂದಿದ್ದಿ.
ಬೆಟಗೇರಿ ಮಗ್ಗದ ಮನಿ ಹುಡುಗಿ,
ಎಳಿ ಹರಿದರ ಕತ್ತಲದಾಗೂ ಹುಡುಕಿ ಗಂಟು ಹಾಕೂ ಬೆರಳು.
ವಾಂತಿ-ಭೇದಿ ಆಗಿ ಬಾಡಿದ ಕೂಸಿನ ಕೈಯಾಗ
ಡಾಕ್ಟರಿಗೂ ನರ ಸಿಗದಿದ್ದಾಗ
"ತುಳಜಾನ್ನ ಕರೀರಿ" ಅಂತಿದ್ರು.
ನೀನು ನೋಡತಿದ್ದಿಲ್ಲ. ಕಣ್ಣು ಮುಚ್ಚಿ ಮುಟ್ಟತಿದ್ದಿ.
ಸೂಜಿ ಒಳಗ ಹೋಗೂದು ಕೂಸಿಗೂ ತಿಳೀತಿದ್ದಿಲ್ಲ
ಅಂತ ನಾ ಹೇಳಾಂಗಿಲ್ಲ; ಅಳತಿದ್ವು.
ಆದ್ರ ಒಮ್ಮೆ ಮಾತ್ರ.

ಹನ್ನೆರಡು ಸಾವಿರ ಪಗಾರ, ಅದೂ ಏಜೆನ್ಸಿಯವ ಕೊಟ್ಟಾಗ.
ವಾರದ ರಜಾ ದಿನ ಹುಬ್ಬಳ್ಳಿ ಪ್ಯಾಸೆಂಜರ್ ಹತ್ತಿ
ಕೊಪ್ಪೀಕರ ರಸ್ತೆಯ ಚಪ್ಪಲಿ ಅಂಗಡಿ ಮ್ಯಾಲಿನ ಕ್ಲಾಸಿಗೆ
ಜರ್ಮನ್ ಕಲಿಯಾಕ ಹೋದಿ.
ರಾತ್ರಿ ಗ್ಲೂಕೋಸ್ ಹನಿ ಎಣಿಸಿಕೋತ
ಡೆರ್, ಡೀ, ಡಾಸ್ ಅಂತಿದ್ದಿ.
ಇಂಜೆಕ್ಷನ್ನಿಗೆ ಹೆದರಿದ್ದ ರೋಣದ ಹುಡುಗ ಒಬ್ಬ
ಅದನ್ನ ಮಂತ್ರ ಅಂತ ತಿಳದು ಕೈ ಮುಗಿದ.

ನಮ್ಮಜ್ಜಿ ಬೆಟಗೇರಿ ಜರ್ಮನ್ ದವಾಖಾನ್ಯಾಗ ಆಯಾ ಇದ್ದಳು.
ಆಗ ಅಲ್ಲಿಂದ ಇಲ್ಲಿಗೆ ಬರತಿದ್ರು,
ಟೋಪಿ ಹಾಕ್ಕೊಂಡ ಬಿಳಿ ಅಕ್ಕಗೋಳು.
ಹೆರಿಗಿ ಮಾಡಸತಿದ್ರು, ಹುಣ್ಣು ತೊಳೀತಿದ್ರು,
ತಪ್ಪು ತಪ್ಪು ಕನ್ನಡದಾಗ
"ತಿಣಕವ್ವಾ, ತಿಣಕವ್ವಾ" ಅಂತಿದ್ರಂತ.
ಅವರಿಗೆ ಯಾರು ವೀಸಾ ಕೇಳಿದ್ರೋ ಗೊತ್ತಿಲ್ಲ.
ಈಗ ನೀನು ಅಲ್ಲಿ ತಪ್ಪು ತಪ್ಪು ಅವರ ಮಾತಾಡ್ಕೋತ
ಅವರ ಮುದುಕ್ಯಾರನ್ನ ತೊಳೀತಿ.
ಋಣ ತೀರಿತು ಅಂತ ಯಾರಾದ್ರೂ ಅನ್ನಬಹುದು.
ನಾ ಅನ್ನೂದಿಲ್ಲ. ಆ ಲೆಕ್ಕದಾಗ
ಈ ಕೂಸುಗೋಳು ಎಲ್ಲೆದಾವು?

ಇಲ್ಲಿ ಎರಡು ಹೊಡದಾಗ ಅಲ್ಲಿ ಹತ್ತೂವರಿ.
ಫೋನ್ ಮಾಡತಿ. ನಳದಾಗ ಬಿಸಿನೀರು ಬರ್ತೈತಿ ಅಂತಿ,
ರೋಗಿ ಎತ್ತಾಕ ಮಿಷಿನ್ ಐತಿ ಅಂತಿ.
ಆಮೇಲೆ ದನಿ ಇಳಸತಿ:
"ಅಕ್ಕಾ, ಇಲ್ಲಿ ನರ ಹಿಡಿಯಾಕ ನನಗ ಬಿಡಂಗಿಲ್ಲ.
ಕಾಗದ ಇನ್ನೂ ಪಾಸಾಗಿಲ್ಲ. ಅಲ್ಲೀ ತನಕ ಉಣಸೂದು, ಒರಸೂದು.
ಮುದುಕ್ಯಾರ ಕೈ ಮ್ಯಾಲೆ ನೀಲಿ ನರ ಹಗ್ಗದಂಗ ಎದ್ದಿರತಾವು,
ಬೆರಳು ತಡಿಯಂಗಿಲ್ಲ. ಸುಮ್ನ ಮುಟ್ಟಿ ಬಿಡತೀನಿ."

ನಾ ಏನೂ ಅನಲಿಲ್ಲ.
ಐದನೇ ಹಾಸಿಗಿ ಡ್ರಿಪ್ ನಿಂತಿತ್ತು.

ಔಷಧ ಕಪಾಟಿನ ಬಾಗಿಲದ ಹಿಂದ
ನಿನ್ನ ಚೀಟಿ ಹಂಗ ಐತಿ, ಬ್ಯಾಂಡೇಜಿನ ಪಟ್ಟಿಯಿಂದ ಹಚ್ಚಿದ್ದು.
ಶ್ಮೆರ್ತ್ಸ್ — ಬ್ಯಾನಿ.
ಫೀಬರ್ — ಜ್ವರ.
ಆಟ್‌ಮೆನ್ — ಉಸಿರು ತಗೊಳ್ಳೂದು.
ಕೆಳಗ ಕನ್ನಡದಾಗಷ್ಟ, ಎದುರಿಗೆ ಖಾಲಿ:
ಚುರುಚುರು. ಜುಮುಜುಮು. ಹಿಂಡಿದಂಗ. ಸಂಕಟ.
ಸಂಕಟದ ಮುಂದ ಪ್ರಶ್ನೆ ಗುರುತು.

ಇವತ್ತ ನಸುಕಿನ್ಯಾಗ ಮುಂಡರಗಿಯಿಂದ ಬಂತೊಂದು ಕೂಸು,
ಕಣ್ಣು ಒಳಗ ಹೋಗಿದ್ವು. ಶಮೀಮ್ ಬ್ಯಾಟರಿ ಹಿಡದ್ಲು.
ಒಮ್ಮೆ ಚುಚ್ಚಿದೆ. ಎರಡು ಸಲ. ಮೂರು.
ಅದರವ್ವ ನನ್ನ ಕೈ ನೋಡತಿದ್ದಳು, ಮಾರಿ ನೋಡಲಿಲ್ಲ.
ಆಮೇಲೆ ಕಣ್ಣು ಮುಚ್ಚಿದೆ, ನಿನ್ನಂಗ.
ನಾಲ್ಕನೇದ್ದಕ್ಕ ರಕ್ತ ಬಂತು.

ಕೈ ತೊಳಕೊಂಡು ಬಂದ್ರ ಶಮೀಮ್
ಕಪಾಟು ತೆರೆದು ನಿಂತಾಳ, ಔಷಧಕ್ಕಲ್ಲ.
ಏಪ್ರನ್ ಕಿಸೆದಾಗ ಹೊಸ ನೋಟ್‌ಬುಕ್ಕು, ಮೂಲಿ ಕಾಣತೈತಿ.
"ಸಿಸ್ಟರ್ರ, ಇದನ್ನ ಹೆಂಗ ಅಂತಾರ?"
ಹೊರಗ ಮೊದಲ ಬಸ್ಸಿನ ಹಾರ್ನು.
ಗೊತ್ತಿಲ್ಲ ಅನಬಹುದಿತ್ತು. ವರ್ಷದಿಂದ
ದಿನಾ ರಾತ್ರಿ ಅದ ಬಾಗಿಲಾ ತೆರದಾಕಿ ನಾನು.
"ಶ್ಮೆರ್ತ್ಸ್," ಅಂದೆ. "ನಾಲಿಗಿ ಹಲ್ಲಿಗೆ ಹಚ್ಚು.
ಇನ್ನೊಮ್ಮೆ ಅನ್ನು."