ತಳದ ಪೀಪಾಯಿ

ಮೊಂತಿಯಾದ ಸೆಪ್ಟೆಂಬರ್ ಬಿಸಿಲಿಗೆ ಕರುಣೆಯಿಲ್ಲ.
ಸುಣ್ಣದ ಮಣ್ಣಿನ ಇಳಿಜಾರಿನಲ್ಲಿ ಚಾಪೆ ಹಾಸಿ
ಪೇದ್ರೊ ಹಿಮೇನೆಸ್ ಗೊನೆಗಳನ್ನು ಹರವಬೇಕು
(ದ್ರಾಕ್ಷಿಗೆ ಗಂಡಸಿನ ಹೆಸರು, ಕೆಲಸ ಹೆಂಗಸರದು),
ಹಗಲು ಕೂಸಿನಂತೆ ಮಗ್ಗುಲು ಬದಲಿಸಿ
ರಾತ್ರಿ ಇಬ್ಬನಿಗೆ ಹೊದಿಸಿ,
ಏಳೆಂಟು ದಿನ.
ಆಮೇಲೆ ಒಂದೊಂದು ಹಣ್ಣೂ ಮುದುಕಿಯ ಕೆನ್ನೆ.
ಹಿಂಡಿದರೆ ಸುಲಭಕ್ಕೆ ಇಳಿಯದು,
ಇಳಿದರೆ ಕಾಕಂಬಿ.
ಇದಕ್ಕಾಗಿ ಕಸಿಲ್ದಾಳ ಬೆನ್ನು ಐವತ್ತೊಂದು ಸಲ ಬಾಗಿದೆ.
ಬಾಗಿದ್ದು ಹಾಗೇ ಉಳಿದದ್ದು ಈಚೆಗೆ.

ಉಗ್ರಾಣದ ಕತ್ತಲಲ್ಲಿ ಪೀಪಾಯಿಯ ಮೇಲೆ ಪೀಪಾಯಿ.
ಕೆಳಗಿನದರಿಂದ ಒಂದು ಪಾಲು ತೆಗೆ,
ಮೇಲಿನದರಿಂದ ಅಷ್ಟೇ ತುಂಬು,
ತಳ ಕಾಣುವಷ್ಟು ಎಂದೂ ತೆಗೆಯಬೇಡ.
ನಿನ್ನೆಯ ಮೊಸರು ಇಂದಿನ ಹಾಲಿಗೆ ಹೆಪ್ಪಾದ ಹಾಗೆ
ಅವಳಮ್ಮ ಹುಟ್ಟುವ ಮುಂಚಿನ ಯಾವುದೋ ಬೇಸಿಗೆ
ಇನ್ನೂ ಇದೆ ಅದರೊಳಗೆ.
ಎಷ್ಟು ಹನಿಯೋ, ದೇವರಿಗೂ ಲೆಕ್ಕ ತಪ್ಪಿದೆ.

ಆ ತಳದ ಪೀಪಾಯಿಗೇ ಜಗಳ.
ಅಸ್ತೂರಿಯಾಸ್ ಬೆಟ್ಟಕ್ಕೆ ಮದುವೆಯಾಗಿ ಹೋದ
ತಂಗಿ ಒಬ್ದುಲಿಯಾ ಅರ್ಧ ಕೇಳಿದಳು.
ನೀರಿಗೆ ಬೈತಲೆ ತೆಗೆ ಹೋಗು, ಎಂದಳು ಅಕ್ಕ.
ಹನ್ನೆರಡು ವರ್ಷ ಫೋನೂ ಇಲ್ಲ.

ಈ ಭಾನುವಾರ ಬಸ್ಸಿಳಿದಳು,
ಕಂಕುಳಲ್ಲಿ ಒಂದು ಗಂಟು.
ಅದರ ವಾಸನೆಗೆ ಬೆಕ್ಕೇ ಎದ್ದು ಹೋಯಿತು:
ಗುಹೆಯಲ್ಲಿ ತಿಂಗಳುಗಟ್ಟಲೆ ಬೂಷ್ಟು ಹಿಡಿಸಿದ ಚೀಸ್,
ಮುಂಗೈಯ ನರದಂತೆ ನೀಲಿ ನೀಲಿ.
"ಇದನ್ನೂ ತಿನ್ನುತ್ತಾರಾ?"
ಹನ್ನೆರಡು ವರ್ಷದ ಮೇಲೆ ಅಕ್ಕನ ಮೊದಲ ಮಾತು.

ಮೇಜಿನ ಮೇಲೆ ಅವಳಿಟ್ಟದ್ದು ವಾಡಿಕೆಯ ಪ್ರಕಾರ:
ಜೇನಲ್ಲಿ ಅದ್ದಿದ ಪೆಸ್ತಿನ್ಯೊ, ಅಂಜೂರದ ಉಂಡೆ,
ಮೊಟ್ಟೆಯ ಬಿಳಿ ವೈನು ತಿಳಿಗೊಳಿಸಲು ಹೋಗಿ
ಉಳಿದ ಹಳದಿಯಲ್ಲಿ ಮಠದ ಸನ್ಯಾಸಿನಿಯರು ಕಾಯಿಸಿದ
ನಡುಗುವ ಬಂಗಾರದ ತುಂಡು.
ಸಿಹಿಯ ಮೇಲೆ ಸಿಹಿಯ ಮೇಲೆ ಸಿಹಿ.
ಮದುವೆಮನೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿದಂತೆ,
ಯಾರದೂ ಕೇಳದು.

ಒಬ್ದುಲಿಯಾ ಚೀಸು ಮುರಿದಳು,
ಚಾಕುವಿಲ್ಲದೆ, ಬೆರಳಲ್ಲೇ,
ಒಂದು ಚೂರು ಅಕ್ಕನ ತಟ್ಟೆಯಂಚಿಗೆ.
ಕಪ್ಪು ವೈನು ಲೋಟದ ಗೋಡೆ ಹಿಡಿದು
ಇಳಿಯಲೋ ಬೇಡವೋ ಎಂದು ಇಳಿಯಿತು.

ಮೊದಲು ಉಪ್ಪು, ನಾಲಿಗೆ ಚುಚ್ಚುವ ಉಪ್ಪು,
ಕೊಟ್ಟಿಗೆ, ಒದ್ದೆ ಕಲ್ಲು, ಒಂದಿಷ್ಟು ಸಿಟ್ಟು.
ಆಮೇಲೆ ಗುಟುಕು:
ಒಣದ್ರಾಕ್ಷಿ, ಸುಟ್ಟ ಸಕ್ಕರೆ, ಕಾಫಿಯ ಕಹಿ,
ಅಮ್ಮನ ಬೀರುವಿನ ಬಾಗಿಲು.
ಬಾಯೊಳಗೆ ಯಾರೋ ಕುರ್ಚಿ ಸರಿಸಿ
ಇನ್ನೊಬ್ಬರಿಗೆ ಜಾಗ ಕೊಟ್ಟಂತಾಯಿತು.

ಕಸಿಲ್ದಾ ಹೊಗಳಲಿಲ್ಲ.
"ನಾತ" ಎಂದಳು, ಇನ್ನೊಂದು ಚೂರು ಮುರಿದಳು.

ಏನೋ ಹೇಳಹೊರಟ ತಂಗಿಗೆ ತುಟಿಗೆ ತುಟಿ ಅಂಟಿತ್ತು.
ಬಿಡಿಸಿಕೊಳ್ಳುವಷ್ಟರಲ್ಲಿ ಅದು ಮರೆತು
ಪೀಪಾಯಿ ಸೋರುತ್ತದಾ ಎಂದು ಕೇಳಿದಳು.
ಸೋರುತ್ತೆ. ಎಡಬದಿಗೆ. ಮೇಣ ಹಚ್ಚಿದ್ದೇನೆ.

ಸಂಜೆ ಒಂದು ಶೀಷೆ ತುಂಬಿಸಿ ಗಂಟು ಕಟ್ಟಿದಳು ಅಕ್ಕ,
ಅದೇ ಬಟ್ಟೆ, ಅದೇ ನಾತ.
ತೆಗೆದಷ್ಟು ತುಂಬಬೇಕಲ್ಲ,
ಬರುವ ಸೆಪ್ಟೆಂಬರಿಗೆ ಚಾಪೆಯ ಮೇಲೆ
ಒಂದು ಬೆನ್ನು ಕಡಿಮೆಯಿದೆ, ಎಂದಳು,
ತಂಗಿಗಲ್ಲ, ಹೊರಟು ನಿಂತ ಬಸ್ಸಿಗೆ.